ಹೆರೋನನ ಉಗಿಗುಂಡು, ನಮ್ಮ ಟರ್ಬೈನಿನ ಗ್ಲ್ಯಾಂಡು

ಉಗಿಯಂತ್ರದ ಇತಿಹಾಸ ಹೇಳುವ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲಿಗೇ ಒಂದು ಚಿತ್ರ ಇರುತ್ತದೆ. ಕೆಳಗೆ ಬೆಂಕಿ, ಮೇಲೆ ಹಂಡೆ, ಹಂಡೆಯ ನೆತ್ತಿಯ ಮೇಲೆ ಎರಡು ಡೊಂಕು ಮೂತಿಯ ಗುಂಡು. ಅಲೆಕ್ಸಾಂಡ್ರಿಯಾದ ಹೆರೋನ್ ಎಂಬುವನು ಮಾಡಿದ ಆಟಿಕೆ ಎಂದು ಎರಡು ಸಾಲು ಬರೆದು, ಮುಂದಿನ ಪುಟದಲ್ಲಿ ನೇರವಾಗಿ ಜೇಮ್ಸ್ ವಾಟ್‌ನ ಅಂಗಳಕ್ಕೆ ಹೋಗಿಬಿಡುತ್ತಾರೆ. ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಪವರ್ ಹೌಸಿನಲ್ಲಿ, ಉಗಿಯ ರಭಸಕ್ಕೆ ಬ್ಲೇಡುಗಳ ಚಕ್ರ ತಿರುಗುವ ಯಂತ್ರವಾದ ಟರ್ಬೈನ್ ನೋಡಿಕೊಂಡೇ ಅರ್ಧ ಆಯುಷ್ಯ ಕಳೆದ ನನಗೆ ಈ ಜಿಗಿತ ಸರಿಬರುವುದಿಲ್ಲ. ಆ ಗುಂಡು ವಾಟ್‌ನ ಎಂಜಿನ್ನಿಗೆ ಅಜ್ಜನಾಗುವುದಿಲ್ಲ. ಅದು ನಮ್ಮ ಮನೆತನದ್ದು, ಟರ್ಬೈನಿನವರದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೆರೋನ್ ಇದ್ದದ್ದು ಕ್ರಿ.ಶ. ಒಂದನೇ ಶತಮಾನದಲ್ಲಿ, ರೋಮನ್ನರ ಆಳ್ವಿಕೆಯಲ್ಲಿದ್ದ ಈಜಿಪ್ಟಿನಲ್ಲಿ. ಅವನ ಕಾಲವನ್ನು ಗುರುತಿಸಿದ ರೀತಿಯೇ ಚೆಂದ. ದೂರದ ಎರಡು ಊರುಗಳ ನಡುವಿನ ಅಂತರ ಲೆಕ್ಕ ಹಾಕುವುದನ್ನು ಹೇಳಿಕೊಡುವಾಗ ಅವನು ಒಂದು ಚಂದ್ರಗ್ರಹಣದ ಉದಾಹರಣೆ ಕೊಡುತ್ತಾನೆ. ಆ ವಿವರಕ್ಕೆ ಹೊಂದುವ ಗ್ರಹಣ ಕ್ರಿ.ಶ. 62ರದ್ದು ಎಂದು ವಿಜ್ಞಾನದ ಇತಿಹಾಸಕಾರ ಓಟೊ ನ್ಯೂಗೆಬವರ್ 1938ರಲ್ಲಿ ತೋರಿಸಿದರು. ಗುಂಡಿನ ವಿವರಣೆ ಬರುವುದು ಅವನ ‘ನ್ಯೂಮ್ಯಾಟಿಕಾ’ ಗ್ರಂಥದಲ್ಲಿ. ಗಾಳಿ, ನೀರು, ಬೆಂಕಿಯಿಂದ ನಡೆಯುವ ಹತ್ತಾರು ಕರಾಮತ್ತುಗಳ ಪುಸ್ತಕ ಅದು. ನಾಣ್ಯ ಹಾಕಿದರೆ ಅಳತೆಯಷ್ಟು ಪವಿತ್ರಜಲ ಸುರಿಯುವ ಪೆಟ್ಟಿಗೆ ಅದರಲ್ಲಿದೆ. ಬಲಿಪೀಠದ ಮೇಲೆ ಬೆಂಕಿ ಹೊತ್ತಿಸಿದರೆ ಒಳಗಿನ ಗಾಳಿ ಕಾದು ಹಿಗ್ಗಿ, ನೀರನ್ನು ಬಕೀಟಿಗೆ ತಳ್ಳಿ, ಬಕೀಟು ಭಾರವಾಗಿ ಇಳಿದು ಗುಡಿಯ ಬಾಗಿಲು ತಾನೇ ತೆರೆಯುವ ಏರ್ಪಾಡೂ ಇದೆ. ಇಂಥವುಗಳ ನಡುವೆಯೇ ಈ ಗುಂಡು ಬರುತ್ತದೆ, ಕೆಲವೇ ಸಾಲುಗಳಲ್ಲಿ.

ಅವನು ಹೇಳಿದ ರಚನೆ ಹೀಗೆ. ನೀರಿನ ಹಂಡೆಗೆ ಬಿಗಿಯಾದ ಮುಚ್ಚಳ. ಮುಚ್ಚಳದಿಂದ ಮೇಲೆದ್ದ ಒಂದು ಕೊಳವೆ ಬಾಗಿ, ಟೊಳ್ಳು ಗುಂಡಿನ ಒಂದು ಬದಿಯೊಳಗೆ ಸೇರುತ್ತದೆ. ಇನ್ನೊಂದು ಬದಿಗೆ ಮುಚ್ಚಳದ ಮೇಲೆಯೇ ನಿಲ್ಲಿಸಿದ ಒಂದು ಮೊಳೆ, ಗುಂಡು ಅದರ ಮೇಲೆ ತಿರುಗುತ್ತದೆ. ಗುಂಡಿನ ಮೈಮೇಲೆ ಎದುರುಬದುರಾಗಿ ಎರಡು ಸಣ್ಣ ಕೊಳವೆ, ತುದಿ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಬಾಗಿರಬೇಕು. ನೀರು ಕುದಿದು ಉಗಿ ಗುಂಡಿಗೆ ಬಂದು, ಆ ಡೊಂಕು ಮೂತಿಗಳಿಂದ ಹೊರಗೆ ಚಿಮ್ಮಿದಾಗ ಗುಂಡು ಹಿಮ್ಮುಖವಾಗಿ ಸುತ್ತುತ್ತದೆ. ದೀಪಾವಳಿಯ ಭೂಚಕ್ರ ಯಾಕೆ ಸುತ್ತುತ್ತದೋ ಇದೂ ಅದಕ್ಕೇ ಸುತ್ತುತ್ತದೆ.

ಹೆರೋನನಿಗಿಂತ ಮೊದಲೇ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಕಂಚಿನ ಗುಂಡುಗಳ ಬಗ್ಗೆ ಬರೆದಿದ್ದಾನೆ. ಅವು ಸುತ್ತುವುದಿಲ್ಲ, ಬೆಂಕಿಯ ಮುಂದಿಟ್ಟರೆ ಸಣ್ಣ ತೂತಿನಿಂದ ರಭಸವಾಗಿ ಊದುತ್ತವೆ ಅಷ್ಟೆ. ಗಾಳಿ ಹೇಗೆ ಹುಟ್ಟುತ್ತದೆ ಎಂದು ತೋರಿಸಲು ಅವನು ಅವನ್ನು ಬಳಸಿದ. ಆ ಊದುವ ಗುಂಡಿಗೆ ಎರಡು ಮೂತಿ ಕೊಟ್ಟು, ಅಚ್ಚಿನ ಮೇಲೆ ಕೂರಿಸಿ ತಿರುಗುವಂತೆ ಮಾಡಿದ ವಿವರ ಹೆರೋನನ ಪುಸ್ತಕದಲ್ಲಿ ಸಿಗುತ್ತದೆ. ಉಗಿಯ ಬಲದಿಂದ ಒಂದು ವಸ್ತು ನಿಲ್ಲದೆ ತಿರುಗಿದ್ದಕ್ಕೆ ನಮ್ಮ ಕೈಯಲ್ಲಿರುವ ಅತಿ ಹಳೆಯ ಬರವಣಿಗೆಗಳಲ್ಲಿ ಅದೊಂದು.

ನನಗೆ ಓದಿ ಸಾಕಾಗಲಿಲ್ಲ. ಹಳೆಯ ನೀರಿನ ಟ್ಯಾಂಕಿನ ಬಾಲ್ ವಾಲ್ವಿನಲ್ಲಿ ತಾಮ್ರದ ಗುಂಡು ಇರುತ್ತಿತ್ತಲ್ಲ, ಅಂಥದೊಂದು ಗುಜರಿಯಲ್ಲಿ ಸಿಕ್ಕಿತು. ಫ್ರಿಜ್ ರಿಪೇರಿಯವರ ಹತ್ತಿರ ಸಣ್ಣ ತಾಮ್ರದ ಪೈಪು ತಂದು ಬಾಗಿಸಿ ಬ್ರೇಜಿಂಗ್ ಮಾಡಿಸಿದೆ. ಹಂಡೆಯ ಜಾಗಕ್ಕೆ ಪ್ರೆಶರ್ ಕುಕ್ಕರ್, ಸೀಟಿ ಕೂರುವ ಜಾಗದಿಂದ ಪೈಪು. ಸೇಫ್ಟಿ ವಾಲ್ವಿಗೆ ಕೈ ಹಚ್ಚಲಿಲ್ಲ. ಶಾಲೆಗಳಲ್ಲಿ ಈ ಪ್ರಯೋಗ ಮಾಡುವಾಗ ಗುಂಡಿನೊಳಗೇ ನೀರು ತುಂಬಿ, ದಾರದಲ್ಲಿ ತೂಗುಬಿಟ್ಟು, ಕೆಳಗೆ ದೀಪ ಇಡುತ್ತಾರೆ. ಅದು ಸುಲಭ, ಚೆನ್ನಾಗಿಯೂ ಸುತ್ತುತ್ತದೆ. ಆದರೆ ಹೆರೋನನ ನಿಜವಾದ ತಾಪತ್ರಯ ಏನಿತ್ತೋ ಅದು ಅದರಲ್ಲಿ ಬರುವುದೇ ಇಲ್ಲ. ಅವನ ಹಂಡೆ ನಿಂತಲ್ಲೇ ನಿಂತಿದೆ, ಗುಂಡು ತಿರುಗುತ್ತಿದೆ, ಉಗಿ ನಿಂತದ್ದರಿಂದ ತಿರುಗುವುದಕ್ಕೆ ದಾಟಬೇಕು. ದಾಟುವ ಆ ಜೋಡಣೆ ಬಿಗಿಯಾದರೆ ಗುಂಡು ಅಲುಗುವುದಿಲ್ಲ, ಸಡಿಲವಾದರೆ ಉಗಿಯೆಲ್ಲ ಅಲ್ಲೇ ಸೋರಿಹೋಗುತ್ತದೆ.

ಇಂಗ್ಲೆಂಡಿನ ವಿದ್ವಾಂಸ ಜೆ. ಜಿ. ಲ್ಯಾಂಡೆಲ್ಸ್ ಇಂಥದೇ ಮಾದರಿ ಮಾಡಿಸಿ ಪರೀಕ್ಷಿಸಿ ಇದನ್ನೇ ಬರೆದರು. ಅವರ ಗುಂಡು ನಿಮಿಷಕ್ಕೆ 1,500 ಸುತ್ತು ಮುಟ್ಟಿತ್ತು. ಹೆರೋನನ ಕಾಲದ ಜಗತ್ತಿನಲ್ಲಿ ಅಷ್ಟು ಜೋರಾಗಿ ತಿರುಗುವ ಇನ್ನೊಂದು ವಸ್ತು ಇದ್ದಿರಲಾರದು ಎಂದು ಅವರ ಅಂದಾಜು. ನಮ್ಮ ಗುಂಡೂ ಸಣ್ಣದಾಗಿ ಸಿಳ್ಳು ಹಾಕುತ್ತ, ಮೂತಿಗಳು ಕಣ್ಣಿಗೆ ಕಾಣದಂತಾಗಿ, ಸುತ್ತಲೂ ಬಿಸಿ ಹನಿ ಎರಚುತ್ತ ತಿರುಗಿತು. ಮಗಳು ದೂರದಿಂದಲೇ ಕೇಳಿದಳು: “ಅಪ್ಪಾ, ತಿರಗತೈತಿ ಖರೆ, ಇದು ಏನರ ಎಳೀತೈತೇನು?” ಅಚ್ಚಿಗೆ ದಾರ ಸುತ್ತಿ ಒಂದು ನಟ್ಟು ಕಟ್ಟಿ ತೋರಿಸಿದೆ. ನಟ್ಟು ಒಂದಿಷ್ಟು ಮೇಲೆದ್ದು ಅಲ್ಲೇ ನಿಂತಿತು.

ಈ ಸೋರುವ ಜಾಗ ನನಗೆ ಹೊಸದಲ್ಲ. ಟರ್ಬೈನಿನಲ್ಲಿ ಅದಕ್ಕೆ ಗ್ಲ್ಯಾಂಡ್ ಅನ್ನುತ್ತೇವೆ. ಕೇಸಿಂಗ್ ಅಂದರೆ ಹೊರಕವಚ ನಿಂತಿರುತ್ತದೆ, ಶಾಫ್ಟ್ ಅಂದರೆ ಒಳಗಿನ ಅಚ್ಚು ತಿರುಗುತ್ತಿರುತ್ತದೆ. ಶಾಫ್ಟ್ ಹೊರಬರುವ ಕಡೆ ಉಗಿಯನ್ನು ತಡೆಯಬೇಕು, ಆದರೆ ಶಾಫ್ಟಿಗೆ ಏನೂ ತಗುಲಬಾರದು. ಅದಕ್ಕೆ ಲ್ಯಾಬಿರಿಂತ್ ಹಾಕಿರುತ್ತಾರೆ: ಬ್ಲೇಡಿನಂಥ ತೆಳು ಅಂಚಿನ ಫಿನ್ನುಗಳು ಸಾಲಾಗಿ, ಶಾಫ್ಟಿಗೂ ಅವಕ್ಕೂ ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನ ಸಂದು. ಒಂದೊಂದು ಸಂದು ದಾಟುವಾಗಲೂ ಉಗಿಯ ಒತ್ತಡ ಒಂದಿಷ್ಟು ಇಳಿಯುತ್ತದೆ, ಕೊನೆಗೆ ಹೊರಬರುವುದು ಎಳೆಯಷ್ಟು. ಅಂದರೆ ಸೋರಿಕೆಯನ್ನು ಇವತ್ತಿಗೂ ಪೂರ್ತಿ ನಿಲ್ಲಿಸಿಲ್ಲ, ಪಳಗಿಸಿದ್ದೇವೆ. ಫಿನ್ನು ಸವೆದಾಗ ಶಿಫ್ಟಿನವರಿಗೆ ಮೊದಲು ಗೊತ್ತಾಗುವುದು ಬೇರಿಂಗಿನ ಆಯಿಲ್ ನೋಡಿ. ಸೋರಿದ ಉಗಿ ಪಕ್ಕದ ಬೇರಿಂಗ್ ಹೊಕ್ಕು ನೀರಾಗುತ್ತದೆ, ಗಾಜಿನಲ್ಲಿ ಹೊಂಬಣ್ಣಕ್ಕೆ ಕಾಣಬೇಕಾದ ಎಣ್ಣೆ ಬೆಳ್ಳಗೆ ಕದಡಿರುತ್ತದೆ. ಹಂಗಾಮು ಮುಗಿದು ಓವರ್‌ಹಾಲಿಗೆ ತೆರೆದಾಗ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿಗಳನ್ನು ಹಿಡಿದು ಆ ಸಂದುಗಳನ್ನು ಅಳೆಯುವುದೇ ಒಂದು ದೊಡ್ಡ ಕೆಲಸ. ಹೆರೋನನ ಹತ್ತಿರ ಫೀಲರ್ ಗೇಜೂ ಇರಲಿಲ್ಲ, ಅಷ್ಟು ನಯವಾಗಿ ಶಾಫ್ಟು ತಿರುವುವ ಲೇಥೂ ಇರಲಿಲ್ಲ. ಆದರೆ ಕೈಯಿಟ್ಟ ಪ್ರಶ್ನೆ ಇದೇ.

ಸೋರಿಕೆ ಇಲ್ಲವೆಂದೇ ಇಟ್ಟುಕೊಳ್ಳೋಣ, ಆಗಲಾದರೂ ಆ ಗುಂಡು ಕೆಲಸಕ್ಕೆ ಬರುತ್ತಿತ್ತೇ? ಲೆಕ್ಕ ಹಾಕಿದರೆ ತಿಳಿಯುತ್ತದೆ. ಹಂಡೆಯಲ್ಲಿ ಹೊರಗಿನ ಗಾಳಿಗಿಂತ ಹತ್ತನೇ ಒಂದು ಬಾರ್ ಹೆಚ್ಚು ಒತ್ತಡ ಇದೆ ಅನ್ನಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು). ಮೂತಿಯಿಂದ ಉಗಿ ಸೆಕೆಂಡಿಗೆ ಸುಮಾರು 180 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಕೇಳಲು ದೊಡ್ಡದು. ಆದರೆ ಒಂದು ಕಿಲೋ ತಣ್ಣೀರನ್ನು ಉಗಿ ಮಾಡಲು ಸುಮಾರು 2,570 ಕಿಲೋಜೌಲ್ ಶಾಖ ಬೇಕು, ಆ ವೇಗದಲ್ಲಿ ಹೋಗುವ ಒಂದು ಕಿಲೋ ಉಗಿಯ ಚಲನಶಕ್ತಿ 16–17 ಕಿಲೋಜೌಲ್ ಮಾತ್ರ. ಕಟ್ಟಿಗೆಯ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲೂ ಮೂತಿಯವರೆಗೆ ಬರಲಿಲ್ಲ. ಅಷ್ಟರಲ್ಲೂ ಬಹುಪಾಲು ಉಗಿಯ ಜೊತೆಗೇ ಹಾರಿಹೋಗುತ್ತದೆ, ಯಾಕೆಂದರೆ ನನ್ನ ಗುಂಡಿನಷ್ಟು ದೊಡ್ಡದು 1,500 ಸುತ್ತಿನಲ್ಲಿ ತಿರುಗಿದರೂ ಮೂತಿಯ ವೇಗ ಸೆಕೆಂಡಿಗೆ 11 ಮೀಟರ್ ಅಷ್ಟೆ. ಉಗಿಯ ಓಟಕ್ಕೂ ಮೂತಿಯ ಓಟಕ್ಕೂ ತಾಳಮೇಳ ಇಲ್ಲ. ಒಲೆಯಿಂದ ಸೆಕೆಂಡಿಗೆ ಅರ್ಧ ಗ್ರಾಂ ಉಗಿ ಬಂದರೆ ಗುಂಡನ್ನು ತಳ್ಳುವ ಬಲ ಒಂಬತ್ತು ಗ್ರಾಂ ತೂಕದಷ್ಟು. ಮಗಳ ನಟ್ಟು ಯಾಕೆ ನಿಂತಿತು ಎಂಬುದಕ್ಕೆ ಉತ್ತರ ಇದರಲ್ಲೇ ಇದೆ.

ಗುಲಾಮರು ಬೇಕಾದಷ್ಟಿದ್ದರು, ಅದಕ್ಕೇ ರೋಮನ್ನರು ಈ ಯಂತ್ರ ಬೆಳೆಸಲಿಲ್ಲ, ಇಲ್ಲದಿದ್ದರೆ ಕೈಗಾರಿಕಾ ಕ್ರಾಂತಿ ಆಗಲೇ ಆಗುತ್ತಿತ್ತು ಎಂಬ ಮಾತು ಎಲ್ಲ ಕಡೆ ಓಡಾಡುತ್ತದೆ. ನನಗೆ ಒಪ್ಪಿಗೆಯಿಲ್ಲ. ದುಡಿಮೆ ಉಳಿಸುವ ಯಂತ್ರ ಬೇಡವೆನ್ನುವ ಜನ ಅವರಾಗಿದ್ದರೆ ನೀರಿನ ಗಿರಣಿ ಯಾಕೆ ಕಟ್ಟುತ್ತಿದ್ದರು? ಹಲ್ಲಿನ ಚಕ್ರ ಹಾಕಿದ ನೀರಿನ ಗಿರಣಿಯನ್ನು ವಿಟ್ರೂವಿಯಸ್ಸೇ ವಿವರಿಸಿದ್ದಾನೆ. ಫ್ರಾನ್ಸಿನ ದಕ್ಷಿಣದ ಬಾರ್ಬೆಗಾಲ್‌ನಲ್ಲಿ ಗುಡ್ಡದ ಇಳಿಜಾರಿಗೆ ಹದಿನಾರು ನೀರ್ಚಕ್ರಗಳನ್ನು ಎರಡು ಸಾಲಾಗಿ ಕೂರಿಸಿ ಹಿಟ್ಟು ಬೀಸುತ್ತಿದ್ದರು. ಎರಡು ಬಗೆಯ ಸಾಧನ ಮುಂದಿದ್ದಾಗ ಬುದ್ಧಿವಂತರು ಬೀಸುವುದನ್ನೇ ಆರಿಸಿಕೊಂಡರು.

ಇನ್ನು ಪಿಸ್ಟನ್ ಎಂಜಿನ್ನಿನ ಮನೆತನ. ಅದು ಹುಟ್ಟಿದ್ದು ಬೇರೆ ಬೀದಿಯಲ್ಲಿ. 1643ರಲ್ಲಿ ಟಾರಿಸೆಲ್ಲಿ ಪಾದರಸದ ಕೊಳವೆಯಲ್ಲಿ ವಾತಾವರಣಕ್ಕೆ ತೂಕವಿದೆ ಎಂದು ತೋರಿಸಿದ. ಗೆರಿಕೆ ಗಾಳಿ ಹೀರಿ ತೆಗೆದ ಗೋಳಾರ್ಧಗಳನ್ನು ಕುದುರೆಗಳಿಂದ ಎಳೆಸಿದ. 1690ರಲ್ಲಿ ಡೆನಿಸ್ ಪಾಪಿನ್ ಸಿಲಿಂಡರಿನಲ್ಲಿ ಉಗಿಯನ್ನು ತಣಿಸಿ ನಿರ್ವಾತ ಮಾಡಿ ಪಿಸ್ಟನ್ ಇಳಿಸುವ ಮಾದರಿ ವಿವರಿಸಿದ. 1712ರಲ್ಲಿ ಇಂಗ್ಲೆಂಡಿನ ಡಡ್ಲಿ ಹತ್ತಿರದ ಕಲ್ಲಿದ್ದಲ ಗಣಿಯಲ್ಲಿ ಥಾಮಸ್ ನ್ಯೂಕಾಮನ್ ನಿಜವಾದ ಎಂಜಿನ್ ನಿಲ್ಲಿಸಿದ, 21 ಅಂಗುಲದ ಸಿಲಿಂಡರು. ಅಲ್ಲಿ ದುಡಿಯುವುದು ವಾತಾವರಣದ ಭಾರ, ಉಗಿಯದ್ದು ಜಾಗ ಖಾಲಿ ಮಾಡಿಕೊಡುವ ಕೆಲಸ. ಆ ಎಂಜಿನ್ನೂ ಕಲ್ಲಿದ್ದಲ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸನ್ನೇ ಕೆಲಸಕ್ಕೆ ತರುತ್ತಿತ್ತು! ದಂಡ ಮಾಡುವುದರಲ್ಲಿ ಹೆರೋನನ ಗುಂಡಿನ ಜೊತೆಗೇ ಕೂಡಿಸಬಹುದು. ಆದರೆ ಪಿಸ್ಟನ್ನಿನ ಮೇಲೆ ಬೀಳುತ್ತಿದ್ದ ಬಲ ಒಂದು ಟನ್ನಿಗೂ ಮಿಗಿಲು. ಗಣಿಯ ಬಾಯಲ್ಲೇ ಕಲ್ಲಿದ್ದಲ ಪುಡಿ ಬಿದ್ದಿರುತ್ತಿತ್ತು, ದಂಡವಾದರೂ ನಡೆಯುತ್ತಿತ್ತು. ಕಬ್ಬು ಅರೆದು ಉಳಿದ ಬಗಾಸನ್ನೇ ಬಾಯ್ಲರಿಗೆ ಹಾಕುವ ನಮಗೆ ಆ ಲೆಕ್ಕಾಚಾರ ಬೇಗ ಅರ್ಥವಾಗುತ್ತದೆ.

ಗುಂಡಿನ ನಿಜವಾದ ವಂಶ ಮುಂದುವರಿದದ್ದು ಬಹಳ ತಡವಾಗಿ, ಬಿದ್ದೆದ್ದು. 1780ರ ದಶಕದಲ್ಲಿ, ಚೆಸ್ ಆಡುವ ಗೊಂಬೆಯಿಂದ ಹೆಸರಾಗಿದ್ದ ವುಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಇಂಥದೊಂದು ಉಗಿಚಕ್ರ ಕಟ್ಟಹೊರಟ. ಸುದ್ದಿ ಕೇಳಿ ವಾಟ್‌ನ ಪಾಲುದಾರ ಬೌಲ್ಟನ್ ಗಾಬರಿಯಾದ. ವಾಟ್ ಲೆಕ್ಕ ಹಾಕಿ ಸಮಾಧಾನ ಹೇಳಿದ: ಚಕ್ರದ ಅಂಚು ಸೆಕೆಂಡಿಗೆ ಸಾವಿರ ಅಡಿ ಓಡದ ಹೊರತು ಅದರಿಂದ ನಮ್ಮ ವ್ಯಾಪಾರಕ್ಕೆ ಧಕ್ಕೆಯಿಲ್ಲ. ವಾಟ್‌ನ ಮೇಲೆ ನನಗೆ ಗೌರವ ಹೆಚ್ಚಾದದ್ದು ಇದನ್ನು ಓದಿದ ಮೇಲೆ. ರೋಗ ಎಲ್ಲಿದೆ ಎಂದು ಸರಿಯಾಗಿ ಬೆರಳಿಟ್ಟಿದ್ದ. 1831ರಲ್ಲಿ ಅಮೆರಿಕದ ವಿಲಿಯಂ ಏವರಿ ಟೊಳ್ಳು ತೋಳುಗಳ ತುದಿಯಿಂದ ಉಗಿ ಬಿಡುವ ಎಂಜಿನ್ನಿಗೆ ಪೇಟೆಂಟ್ ಪಡೆದ, ಅದು ಕಟ್ಟಿಗೆ ಕೊರೆಯುವ ಮಿಲ್ಲುಗಳಲ್ಲಿ ನಿಜಕ್ಕೂ ದುಡಿಯಿತು. ವಿಪರೀತ ಸದ್ದು, ವೇಗ ಹಿಡಿತಕ್ಕೆ ಸಿಗದು, ಹೆಚ್ಚು ಕಾಲ ಬಾಳಲಿಲ್ಲ. 1883ರಲ್ಲಿ ಸ್ವೀಡನ್ನಿನ ಗುಸ್ತಾಫ್ ದ ಲವಾಲ್ ಹಾಲಿನಿಂದ ಕೆನೆ ಬೇರ್ಪಡಿಸುವ ಯಂತ್ರಕ್ಕಾಗಿ ಎಸ್ ಆಕಾರದ ಕೊಳವೆಯನ್ನು ನಿಮಿಷಕ್ಕೆ 42,000 ಸುತ್ತು ತಿರುಗಿಸಿದ. ಅದು ಅಪ್ಪಟ ಹೆರೋನನ ಗುಂಡೇ!

ಗಂಟು ಬಿಡಿಸಿದವರು ಬ್ರಿಟನ್ನಿನ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್, 1884ರಲ್ಲಿ. ಉಗಿಯ ಒತ್ತಡವನ್ನು ಒಂದೇ ಏಟಿಗೆ ಬಿಡುವುದೇಕೆ ಎಂದು ಅವರು ಯೋಚಿಸಿದರು. ನಮ್ಮಲ್ಲಿ ಟರ್ಬೈನಿಗೆ ಬರುವ ಸ್ಟೀಮ್ 45 ಆಟಾ (ಒಂದು ಆಟಾ ಅಂದರೂ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟೇ), ರಸ ಕುದಿಸಲು ಹೋಗುವುದು ಎರಡೂವರೆ ಆಟಾದ ಆಸುಪಾಸಿನಲ್ಲಿ. ಇಷ್ಟು ಇಳಿತವನ್ನು ಒಂದೇ ಮೂತಿಯಲ್ಲಿ ಬಿಟ್ಟರೆ ಉಗಿ ಸೆಕೆಂಡಿಗೆ ಒಂದು ಕಿಲೋಮೀಟರ್ ಮೀರಿ ಓಡುತ್ತದೆ, ಅದರ ಸರಿಸಾಟಿ ತಿರುಗುವ ಚಕ್ರ ಚೂರಾಗುತ್ತದೆ. ಪಾರ್ಸನ್ಸ್ ಆ ಇಳಿತವನ್ನು ಸಾಲು ಸಾಲು ಬ್ಲೇಡುಗಳಿಗೆ ಹಂಚಿದರು. ಪ್ರತಿ ಸಾಲಿನಲ್ಲೂ ಒಂದಿಷ್ಟೇ ಇಳಿತ, ಒಂದಿಷ್ಟೇ ವೇಗ. ತಿರುಗುವ ಬ್ಲೇಡಿನ ಸಂದಿಯಲ್ಲೇ ಉಗಿ ಹಿಗ್ಗಿ ಹಿಂದಕ್ಕೆ ಚಿಮ್ಮಿ ರೋಟರನ್ನು ಮುಂದಕ್ಕೆ ಒದೆಯುತ್ತದೆ. ಡೊಂಕು ಮೂತಿಯ ಕೆಲಸವನ್ನೇ ಈಗ ನೂರಾರು ಬ್ಲೇಡುಗಳು ಮಾಡುತ್ತವೆ. ಅವರ ಮೊದಲ ಯಂತ್ರ ನಿಮಿಷಕ್ಕೆ 18,000 ಸುತ್ತು ತಿರುಗಿ ಡೈನಮೋ ನಡೆಸಿತು. 1897ರಲ್ಲಿ ಅವರ ‘ಟರ್ಬಿನಿಯಾ’ ದೋಣಿ ಸ್ಪಿಟ್‌ಹೆಡ್‌ನಲ್ಲಿ ನೆರೆದಿದ್ದ ಬ್ರಿಟಿಷ್ ನೌಕಾಪಡೆಯ ಸಾಲುಗಳ ನಡುವೆ ನುಗ್ಗಿ ಓಡಿದಾಗ ಹಿಡಿಯಲು ಬಂದ ದೋಣಿಗಳು ಹಿಂದೆಯೇ ಉಳಿದವು.

ಕಾಲೇಜಿನಲ್ಲಿ ಟರ್ಬೈನ್ ಕಲಿಸುವವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ದಾರಕ್ಕೆ ತೂಗಿದ ಗುಂಡನ್ನು ತೋರಿಸಿ ನ್ಯೂಟನ್ನನ ಮೂರನೇ ನಿಯಮ ಹೇಳಿ ಮುಗಿಸಬೇಡಿ. ಹಂಡೆ ಬೇರೆ, ಗುಂಡು ಬೇರೆ ಇರುವ ಮಾದರಿಯನ್ನೇ ಮಾಡಿಸಿ, ಜೋಡಣೆಯನ್ನು ಹುಡುಗರ ಕೈಯಿಂದಲೇ ಕೂರಿಸಿ. ಜೋಡಣೆಗೆ ಹಿತ್ತಾಳೆಯ ಬುಶ್ ಸಾಕು, ರಬ್ಬರ್ ಬೇಡ, ಉಗಿಗೆ ಹಿಗ್ಗಿ ಕಚ್ಚಿಕೊಳ್ಳುತ್ತದೆ. ಮೂತಿಯ ತೂತು ತೀರಾ ಸಣ್ಣದಾದರೆ ಕುಕ್ಕರಿನ ಒತ್ತಡ ಏರುತ್ತದೆ, ಸೇಫ್ಟಿ ವಾಲ್ವು ಹೊಸದಿರಲಿ, ಎಲ್ಲರೂ ಕನ್ನಡಕ ಹಾಕಿಕೊಂಡು ಹಿಂದೆ ನಿಲ್ಲಲಿ. ಬಿಗಿ ಮಾಡಿದರೆ ನಿಲ್ಲುತ್ತದೆ, ಸಡಿಲಿಸಿದರೆ ಸೋರುತ್ತದೆ ಎಂದು ಅವರೇ ಗೊಣಗಲು ಶುರುಮಾಡಿದಾಗ ಲ್ಯಾಬಿರಿಂತ್ ಗ್ಲ್ಯಾಂಡಿನ ಚಿತ್ರ ಬೋರ್ಡಿನ ಮೇಲೆ ಬರೆಯಿರಿ.