ಅಜ್ಜಿಯ ಪದದಲ್ಲಿ ನಾಲ್ಕು ಸೆಕೆಂಡು

ರಾಯಚೂರು, 12 ಮೇ 2024, ಭಾನುವಾರ

ಬೆಳಗಿನ ನಾಲ್ಕೂವರೆಗೇ ಎಚ್ಚರವಾಯಿತು. ಎದ್ದವನೇ ಕಂಪ್ಯೂಟರ್ ಮುಂದೆ ಕೂತೆ. ಕೆಟ್ಟ ಹಾರ್ಡ್ ಡಿಸ್ಕಿನ ನಕಲು ಪರದೆ ಮೇಲೆ ಶೇ. 99.99 ಅಂತ ಇತ್ತು. ಉಳಿದದ್ದು ಬರೀ 47 ಎಂಬಿ. ಮೂರು ದಿನದ ಮೇಲೆ ಎದೆ ಸ್ವಲ್ಪ ಹಗುರಾಯಿತು.

ಗುರುವಾರ ಅವ್ವ ಅಜ್ಜಿಯ ಬೀಸುವ ಪದ ಕೇಳಬೇಕು ಅಂದಳು. 2014ರಲ್ಲಿ ಊರಿಗೆ ಹೋಗಿ ನಾನೇ ರೆಕಾರ್ಡ್ ಮಾಡಿಕೊಂಡು ಬಂದಿದ್ದೆ. ಅಜ್ಜಿ ಈಗಿಲ್ಲ. ಆ ಪದಗಳು ಇದ್ದದ್ದು ಒಂದೇ ಒಂದು 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ. ಹಚ್ಚಿದರೆ ಫೋಲ್ಡರ್ ತೆರೆಯಲು ಐದು ನಿಮಿಷ. ಕೇಬಲ್ ಬದಲಿಸಿದೆ, ಅದೇ ಕಥೆ. ವಿಂಡೋಸ್ 'ಡಿಸ್ಕ್ ಸರಿ ಮಾಡಲೇ?' ಅಂತ ಕೇಳಿತು. ಒತ್ತಲಿಲ್ಲ. ಆ ರಿಪೇರಿ ಸಾಯುತ್ತಿರುವ ಡಿಸ್ಕ್ ಮೇಲೇ ಬರೆಯುತ್ತದೆ. ಉಳಿದ ಫೈಲುಗಳೂ ಕೆಡಬಹುದು.

"ಎಲ್ಲಾ ಹೋತೇನಪಾ?" ಅಂದಳು ಅವ್ವ.

"ಇನ್ನೂ ಹೋಗಿಲ್ಲವ್ವಾ, ಸ್ವಲ್ಪ ತಡಿ."

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದು ನೋಡಿದೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್, ಅಂದರೆ ಡಿಸ್ಕಿನ ಸಣ್ಣ ತುಣುಕು, 112 ಇತ್ತು, ಅರ್ಧ ತಾಸಿನಲ್ಲಿ 340 ಆಯಿತು. ಟಕ್ ಟಕ್ ಅನ್ನುವ ಸದ್ದು ಮಾತ್ರ ಇರಲಿಲ್ಲ. ಇದ್ದಿದ್ದರೆ ಆಗಲೇ ಕಿತ್ತು ಡೇಟಾ ತೆಗೆದುಕೊಡುವ ಲ್ಯಾಬ್‌ಗೆ ಕಳಿಸುತ್ತಿದ್ದೆ. ಓದುವ ಹೆಡ್ ಕೆಟ್ಟಿದ್ದರೆ ಪ್ರತಿ ಸುತ್ತಿಗೂ ಒಳಗಿನ ತಟ್ಟೆ ಗೀರಿ ಹೋಗಬಹುದು, ಆಮೇಲೆ ಯಾರ ಕೈಲೂ ಆಗುವುದಿಲ್ಲ. ತಮ್ಮ ಯಾವುದೋ ವಿಡಿಯೋ ನೋಡಿ "ಫ್ರೀಜರ್‌ದಾಗ ಇಡಣ್ಣಾ" ಅಂದ. ಬೇಡ ಅಂದೆ. ಹೊರಗೆ ಈ ಬಿಸಿಲು. ತೆಗೆದ ತಕ್ಷಣ ಒಳಗೆ ನೀರು ಹನಿಗಟ್ಟುತ್ತದೆ.

ಹಳೆ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಹಾಕಿ, ಹೊಸ 2 ಟಿಬಿ ಡಿಸ್ಕ್ ತಂದು, ಕೆಟ್ಟ ಡಿಸ್ಕ್ ನಕಲು ಮಾಡುವ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಹಚ್ಚಿದೆ. ನನಗೆ ಇದರ ಮೇಲೆ ಭಾಳ ಪ್ರೀತಿ. ಫೈಲ್ ಯಾವುದು ಅಂತ ನೋಡುವುದೇ ಇಲ್ಲ, ಇಡೀ ಡಿಸ್ಕನ್ನೇ ನಕಲು ಮಾಡುತ್ತದೆ. ಮೊದಲು ಸಲೀಸಾಗಿ ಓದಬಹುದಾದ ಜಾಗ ಎಲ್ಲಾ ಎತ್ತಿಕೊಳ್ಳುತ್ತದೆ. ಓದಲು ಕಷ್ಟವಾದ ಜಾಗ ಬಂದರೆ ಹಾರಿ ಮುಂದೆ ಹೋಗಿ, ಕೊನೆಗೆ ತಿರುಗಿ ಬಂದು ಕೆದಕುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಅನ್ನುವುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಶುಕ್ರವಾರ ಸಂಜೆ ಗಾಳಿಮಳೆಗೆ ಕರೆಂಟ್ ಹೋದಾಗ ಆ ಫೈಲೇ ಕಾಪಾಡಿತು. ಬಿಟ್ಟ ಜಾಗದಿಂದಲೇ ಶುರುವಾಯಿತು. ಆಮೇಲೆ ಪಕ್ಕದ ಅಂಗಡಿಯಿಂದ ಯುಪಿಎಸ್ ಕೇಳಿ ತಂದೆ.

ಚೆನ್ನಾಗಿರುವ ಡಿಸ್ಕ್ ಆಗಿದ್ದರೆ ಮೂರು ತಾಸಿನ ಕೆಲಸ. ಟೇಬಲ್ ಫ್ಯಾನ್ ಡಿಸ್ಕ್ ಕಡೆಗೆ ತಿರುಗಿಸಿಟ್ಟು ನಾವು ಸೆಕೆಯಲ್ಲಿ ಮಲಗಿದೆವು. ಬೆರಳಿಟ್ಟರೆ ಡಿಸ್ಕ್ ಹೊಟ್ಟೆ ಸಣ್ಣಗೆ ನಡುಗುತ್ತಿತ್ತು, ಸುಮ್ನೆ ಆಗುತ್ತಿತ್ತು, ಮತ್ತೆ ನಡುಗುತ್ತಿತ್ತು.

ಇವತ್ತು ಹಳೆ ಡಿಸ್ಕ್ ಕಿತ್ತಿಟ್ಟು, ನಕಲಿನಿಂದಲೇ ಫೋಲ್ಡರ್ ತೆರೆದೆ. ಹದಿನಾರು ಪದಗಳೂ ಇದ್ದವು. ಮೊದಲು ಮತ್ತೊಂದು ಡಿಸ್ಕ್‌ಗೆ, ತಮ್ಮನ ಲ್ಯಾಪ್‌ಟಾಪ್‌ಗೆ ಹಾಕಿದೆ. ಆಮೇಲೇ ಅವ್ವನನ್ನು ಕರೆದೆ.

ಬೀಸುಕಲ್ಲಿನ ಗರ್ರ ಗರ್ರ ಕೇಳಿದ್ದೇ ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹಿಂದೆ ಎಲ್ಲೋ ಕೋಳಿ ಕೂಗುತ್ತದೆ. ಅಜ್ಜಿ ನಡುವೆ ಕೆಮ್ಮುತ್ತಾಳೆ, "ಜ್ವಾಳ ಹಾಕವ್ವಾ" ಅನ್ನುತ್ತಾಳೆ. ಏಳನೇ ಪದದ ನಡುವೆ ಎಲ್ಲಾ ನಿಂತಿತು. ಕಲ್ಲೂ ಇಲ್ಲ, ಕೋಳಿಯೂ ಇಲ್ಲ. ಓದಲಾಗದ ಜಾಗ ನಕಲಿನಲ್ಲಿ ಸೊನ್ನೆಯಾಗಿ ಉಳಿಯುತ್ತದೆ, ಹಾಡಿನಲ್ಲಿ ಅದು ಮೌನ. ನಾಲ್ಕು ಸೆಕೆಂಡು. ಮತ್ತೆ ಅಜ್ಜಿ ಬಂದಳು.

"ಒಂದು ಸಾಲು ಹೋತಲ್ಲ" ಅಂದಳು ಅವ್ವ. ಮೂರು ಸಲ ಹಿಂದಿನಿಂದ ಹಚ್ಚಿಸಿದಳು. ತುಟಿ ಆಡಿಸಿದಳು, ನೆನಪಾಗಲಿಲ್ಲ. ಸಿಂಧನೂರಿನ ಚಿಗವ್ವನಿಗೆ ಫೋನ್ ಹಚ್ಚು ಅಂದಳು. ಚಿಗವ್ವ ಪೂರ್ತಿ ಪದ ಕೇಳಿ, "ಬರ್ತದವಾ, ಆದ್ರ ಫೋನಿನ್ಯಾಗ ಹ್ಯಾಂಗ ಹೇಳ್ಲಿ? ಬೀಸೂ ಮುಂದ ಬರ್ತದ" ಅಂದಳು.

ಮುಂದಿನ ಭಾನುವಾರ ಸಿಂಧನೂರಿಗೆ. ರೆಕಾರ್ಡರ್ ಚಾರ್ಜಿಗೆ ಹಾಕಿದ್ದೇನೆ.