ತಣ್ಣಗಾದಷ್ಟೂ ರೆಸಿಸ್ಟೆನ್ಸ್ ಏರುವುದು ಯಾಕೆ?

ಪುಣೆಯ ಕನ್ನಡಿಗರ ನಡುವೆ ನಾನು ಓದುವ ಹರಳುಗಳ ಮಾತೆತ್ತಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಭೋಸರಿಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡುವ ಗದಗ ಕಡೆಯ ಕಾಕಾ ಅದನ್ನು ನೇರವಾಗಿ ಕೇಳಿದರು: "ತಾಮ್ರ ಕಾದರ ರೆಸಿಸ್ಟೆನ್ಸ್ ಏರತೈತಿ, ತಣ್ಣಗಾದರ ಇಳೀತೈತಿ. ನಿಮ್ಮ ಹರಳಿನ್ಯಾಗ ಉಲ್ಟಾ ಯಾಕ್ರೀ?"

ಟ್ಯಾಂಟಲಮ್, ಸೆಲೆನಿಯಮ್, ಅಯೋಡಿನ್ ಸೇರಿದ ಹರಳು ಅದು. ಟ್ಯಾಂಟಲಮ್ ಪರಮಾಣುಗಳು ಉದ್ದುದ್ದ ಸಾಲಾಗಿ ನಿಂತಿವೆ. ಕರೆಂಟು ಹೆಚ್ಚಾಗಿ ಆ ಸಾಲಿನ ಉದ್ದಕ್ಕೇ ಹರಿಯುತ್ತದೆ. ಸುಮಾರು 263 ಕೆಲ್ವಿನ್‌ಗೆ, ಅಂದರೆ ಮೈನಸ್ 10 ಡಿಗ್ರಿಗೆ ಇಳಿಸಿದಾಗ ಎಲೆಕ್ಟ್ರಾನ್‌ಗಳು ಸಮನಾಗಿ ಹರಡಿಕೊಂಡಿರುವುದಿಲ್ಲ. ಒಂದು ಕಡೆ ಜಾಸ್ತಿ, ಪಕ್ಕದಲ್ಲಿ ಕಡಿಮೆ, ಮತ್ತೆ ಜಾಸ್ತಿ. ಇದೇ ಚಾರ್ಜ್ ಡೆನ್ಸಿಟಿ ವೇವ್. ಪರಮಾಣುಗಳೂ ಅದಕ್ಕೆ ತಕ್ಕಂತೆ ಚೂರು ಸರಿಯುತ್ತವೆ. ಸರಿಯಲು ಶಕ್ತಿ ಬೇಕು, ನಿಜ. ಆದರೆ ಎಲೆಕ್ಟ್ರಾನ್‌ಗಳ ಶಕ್ತಿ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಒಂದೇ ಸಾಲಿನ ಲೋಹ ಹೀಗಾಗುತ್ತದೆ ಎಂದು ಭೌತವಿಜ್ಞಾನಿ ರುಡಾಲ್ಫ್ ಪೈಯರ್ಲ್ಸ್ ತೋರಿಸಿದ್ದರು. ಈಗ ಎಲೆಕ್ಟ್ರಾನ್‌ಗಳ ಶಕ್ತಿಮಟ್ಟಗಳ ನಡುವೆ ಅಂತರ ಬೀಳುತ್ತದೆ. ಅದನ್ನು ದಾಟಲು ಶಾಖ ಬೇಕು. ತಣ್ಣಗಾದಷ್ಟೂ ದಾಟುವವು ಕಡಿಮೆ, ಹಾಗಾಗಿ ರೆಸಿಸ್ಟೆನ್ಸ್ ಏರುತ್ತದೆ.

ಎಲ್ಲ ಹರಳುಗಳೂ ಹೀಗಲ್ಲ. ಸೀಸಿಯಮ್, ವನೇಡಿಯಮ್, ಆಂಟಿಮನಿ ಇರುವ ಇನ್ನೊಂದರಲ್ಲಿ 94 ಕೆಲ್ವಿನ್‌ನಲ್ಲಿ ಅಲೆ ಏಳುತ್ತದೆ, ಆದರೂ ಅದು ಲೋಹವಾಗಿಯೇ ಉಳಿಯುತ್ತದೆ. ಅಲ್ಲಿ ಅಂತರ ಬೀಳುವುದು ಕೆಲವು ಎಲೆಕ್ಟ್ರಾನ್‌ಗಳಿಗೆ ಮಾತ್ರ.

ನನ್ನನ್ನು ಹಿಡಿದಿಟ್ಟಿರುವುದು ಟ್ಯಾಂಟಲಮ್ ಹರಳಿನ ಇನ್ನೊಂದು ಗುಣ. ಅಲೆ ಏಳುವ ಮೊದಲು ಅದು ವೈಲ್ ಸೆಮಿಮೆಟಲ್. ಅಂದರೆ ಅದರ ಶಕ್ತಿಪಟ್ಟಿಗಳು, ಎಲೆಕ್ಟ್ರಾನ್‌ಗಳು ಇರಬಹುದಾದ ಶಕ್ತಿಮಟ್ಟಗಳ ಗುಂಪುಗಳು, ಕೆಲವು ಬಿಂದುಗಳಲ್ಲಿ ಕೂಡುತ್ತವೆ. ಈ ಬಿಂದುಗಳು ಎರಡು ಬಗೆ, ನಮ್ಮ ಎರಡು ಕೈಗಳಂತೆ ಒಂದಕ್ಕೊಂದು ಕನ್ನಡಿಬಿಂಬ. ಎಡಗೈ ಬಿಂದು ಎಷ್ಟೋ ಬಲಗೈ ಬಿಂದುವೂ ಅಷ್ಟೇ. ಒಂದನ್ನೇ ಅಳಿಸಲು ಆಗುವುದಿಲ್ಲ, ಅದೇ ಟೋಪಾಲಜಿಯ, ಅಂದರೆ ಚೂರುಪಾರು ಬದಲಾವಣೆಗೆ ಅಳಿಯದ ಗುಣಗಳ ಗಣಿತದ, ಕಾವಲು. ಎಡಗೈಯದು ಬಲಗೈಯದರ ಜೊತೆ ಬೆರೆತರೆ ಮಾತ್ರ ಎರಡೂ ಹೋಗುತ್ತವೆ. ಅಲೆಯ ಉದ್ದ ಸರಿಹೊಂದಿದರೆ ಅದು ಇವನ್ನು ಬೆರೆಸಿಬಿಡುತ್ತದೆ!

ಹಾಗಾದರೆ ಟೋಪಾಲಜಿ ಸತ್ತುಹೋಯಿತೇ? ಇಲ್ಲ ಎನ್ನುತ್ತದೆ ಸಿದ್ಧಾಂತ. ಇಡೀ ಅಲೆ ಜರುಗುವಾಗ ಅದು ಆಕ್ಸಿಯಾನ್ ಎಂಬ ಊಹೆಯ ಕಣದ ಸಮೀಕರಣಗಳನ್ನೇ ಪಾಲಿಸಬೇಕು. ಅದರ ಗುರುತಾಗಿ, ಕಾಂತಕ್ಷೇತ್ರವನ್ನು ಕರೆಂಟಿನ ದಿಕ್ಕಿನಲ್ಲೇ ಇಟ್ಟಾಗ ಅಲೆ ಹೊರುವ ಕರೆಂಟು ಹೆಚ್ಚಿತು ಎಂದು 2019ರಲ್ಲಿ ಒಂದು ಗುಂಪು ವರದಿ ಮಾಡಿತು. ಆಮೇಲೆ ಅಳೆದ ಇನ್ನೊಂದು ಗುಂಪಿಗೆ ಅದು ಕಾಣಲಿಲ್ಲ. ಹರಳಿನ ದೋಷಗಳು ಅಲೆಯನ್ನು ಹಿಡಿದು ನಿಲ್ಲಿಸುತ್ತವೆ, ಆ ದೋಷಗಳೋ ಹರಳಿಂದ ಹರಳಿಗೆ ಬೇರೆ. ಒಂದೇ ಹರಳನ್ನು ಎರಡು ಲ್ಯಾಬ್‌ಗಳು ಸರದಿಯ ಮೇಲೆ ಅಳೆಯಬೇಕು. ಅಲ್ಲಿಯವರೆಗೆ ಆಕ್ಸಿಯಾನ್ ಸಿಕ್ಕಿತು ಎಂದು ನಾನಂತೂ ಹೇಳುವುದಿಲ್ಲ.