"ಎಷ್ಟಾಯ್ತು ಈ ಅಡುಗೆಮನೆಗೆ?"

ನಮ್ಮ ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ. ಒಲೆ ಕಟ್ಟೆಯ ಕೆಳಗಿನ ಬಾಗಿಲನ್ನು ಒಂದು ಸಲ ತೆಗೆದು ಮುಚ್ಚುತ್ತಾರೆ. ಮರದ ಮೇಲೆ ಕೈಯಾಡಿಸುತ್ತಾರೆ. ಆಮೇಲೆ ಅದೇ ಪ್ರಶ್ನೆ. "ಎಷ್ಟಾಯ್ತು ಇದಕ್ಕೆ?"

21,600 ರೂಪಾಯಿ. ಗುಜರಿಯಿಂದ ಹಳೇ ಮರ ತಂದು ಮಾಡಿಸಿದ್ದು.

"ಸುಮ್ನಿರಿ ಅತ್ತಿಗೆ, ಸುಳ್ಳು ಹೇಳ್ಬೇಡಿ" ಅಂದಳು ನನ್ನ ನಾದಿನಿ. ಬಿಲ್ ತೋರಿಸಿ ಅಂದಳು. ಗುಜರಿಯವನು ಬಿಲ್ ಕೊಡ್ತಾನಾ? ನನ್ನ ಹತ್ತಿರ ಇರುವುದು ಹಾಲಿನ ಲೆಕ್ಕದ ಪುಸ್ತಕ. ಅದರ ಹಿಂದಿನ ಪುಟದಲ್ಲಿ ಎಲ್ಲಾ ಬರೆದಿಟ್ಟಿದ್ದೇನೆ. ಮರಕ್ಕೆ 6,400. ಗ್ರಾನೈಟ್ ತುಂಡುಗಳಿಗೆ 1,500. ಕೀಲು, ಚಾನಲ್ (ಡ್ರಾಯರ್ ಜಾರುವ ಕಬ್ಬಿಣದ ಪಟ್ಟಿ), ಸ್ಕ್ರೂ, ಹಿಡಿ ಎಲ್ಲಾ ಸೇರಿ 5,200. ಮರದ ಮಿಲ್ಲಿಗೆ 1,100. ಆಚಾರ್ರಿಗೆ ನಾಲ್ಕು ದಿನದ ಕೂಲಿ 4,800. ಬಣ್ಣ, ವಾರ್ನಿಷ್ 1,900. ಟೆಂಪೋ 700. ಇದಕ್ಕೂ ಮೊದಲು ಒಂದು ಅಂಗಡಿಯವರು ಬಂದು, ಅಳತೆ ತಗೊಂಡು, 1,40,000 ಅಂತ ಚೀಟಿ ಕೊಟ್ಟು ಹೋಗಿದ್ದರು. ನಮ್ಮದು ಹತ್ತಡಿ ಎಂಟಡಿಯ ಅಡುಗೆಮನೆ, ಅಷ್ಟೇ.

ಲೆಕ್ಕ ಸರಿಯಾಗಿ ನೋಡಿ. ಹಳೇ ಮರ ತಂದು ಮಾಡಿದ್ದು ಅಂತ ಹೆಸರು. ಆದರೆ ಮರಕ್ಕೆ ಹೋಗಿದ್ದು ಒಟ್ಟು ದುಡ್ಡಿನ ಮೂರನೇ ಒಂದು ಪಾಲೂ ಅಲ್ಲ. ಇನ್ನೊಂದು ಬಾಬ್ತು ಆ ಪುಟದಲ್ಲೇ ಇಲ್ಲ: ಹನ್ನೊಂದು ಭಾನುವಾರ. ದುಡ್ಡು ಎಷ್ಟಾಯ್ತು ಅಂತ ಎಲ್ಲರೂ ಕೇಳುತ್ತಾರೆ, ದಿನ ಎಷ್ಟಾಯ್ತು ಅಂತ ಇಲ್ಲಿಯವರೆಗೆ ಯಾರೂ ಕೇಳಿಲ್ಲ. ಹಾಗಾಗಿ ಅದನ್ನೂ ಸೇರಿಸಿಯೇ ಉತ್ತರ ಬರೆಯುತ್ತಿದ್ದೇನೆ.

ಕೋಲಾರದ ಹಳೇ ಬೀದಿಗಳಲ್ಲಿ ಚಪ್ಪಡಿ ಕಲ್ಲಿನ ಮನೆ ಕೆಡವಿ ಆರ್‌ಸಿಸಿ ಹಾಕಿಸುವುದು ಈಗ ಮಾಮೂಲು. ಕಲ್ಲು ಒಂದು ಕಡೆ ಹೋಗುತ್ತದೆ, ಬಾಗಿಲು, ಕಿಟಕಿ, ವಾಸ್ಕಲ್ಲು ಗುಜರಿಗೆ ಬರುತ್ತವೆ. ನಾನು ತಂದಿದ್ದು ಬೇವಿನ ಎರಡು ವಾಸ್ಕಲ್ಲು, ಒಂದಕ್ಕೆ 1,200. ತೇಗದ ಜೋಡಿ ಬಾಗಿಲು ಒಂದು, 2,800. ಗುಜರಿಯಲ್ಲಿ ಕಣ್ಣಂದಾಜಿನ ರೇಟು ಹೇಳುತ್ತಾರೆ. ನೀವು ಮಾತ್ರ ಟೇಪ್ ಹಿಡಿದು ಘನ ಅಡಿ ಲೆಕ್ಕ ಹಾಕಿ. ಏಳು ಅಡಿ ಉದ್ದ, ಐದು ಇಂಚು ಅಗಲ, ಮೂರು ಇಂಚು ದಪ್ಪದ ಒಂದು ಕಂಬ ಅಂದರೆ ಮುಕ್ಕಾಲು ಘನ ಅಡಿಗೆ ಚೂರು ಕಡಿಮೆ. ಇದೇ ಅಳತೆಯ ಹೊಸ ಮರಕ್ಕೆ ಟಿಂಬರ್ ಡಿಪೋದಲ್ಲಿ ಎಷ್ಟು ಅಂತ ಮೊದಲೇ ಕೇಳಿಕೊಂಡು ಹೋದರೆ ಚೌಕಾಸಿಗೆ ಧೈರ್ಯ ಬರುತ್ತದೆ.

ಮರದ 6,400ರಲ್ಲಿ ಉಳಿದ 1,200 ರೂಪಾಯಿಗೆ ಆರು ಪ್ಯಾಲೆಟ್ ಬಂದವು. ನರಸಾಪುರದ ಕಡೆ ಕಾರ್ಖಾನೆಗಳಿಗೆ ಸಾಮಾನು ಹೊತ್ತು ಬರುವ ಪೈನ್ ಮರದ ಅಡಿಹಲಗೆಗಳು ಇವು. ಹಗುರ, ಮೆತ್ತಗಿನ ಮರ, ಒಳಗಿನ ಅರೆಗಳಿಗೆ ಸಾಕು. ತರುವ ಮುಂಚೆ ಪಕ್ಕದಲ್ಲಿ ಸುಟ್ಟೊತ್ತಿದ ಮುದ್ರೆ ಹುಡುಕಿ. ಗೋಧಿ ತೆನೆಯ ಚಿತ್ರ ಇರುತ್ತದೆ, ಅದರ ಪಕ್ಕ ಇಂಗ್ಲಿಷ್ ಅಕ್ಷರಗಳು. ಎಚ್‌ಟಿ ಅಂತ ಇದ್ದರೆ ಮರದ ತಿರುಳಿನವರೆಗೂ 56 ಡಿಗ್ರಿ ಶಾಖ 30 ನಿಮಿಷ ಕೊಟ್ಟಿದ್ದಾರೆ ಅಂತ ಅರ್ಥ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಗಾಳಿ ಹಾಯಿಸಿದ್ದು. ಅದನ್ನು ಅಡುಗೆಮನೆಗೆ ತರಬೇಡಿ. ಎಣ್ಣೆ, ಕೆಮಿಕಲ್ ಚೆಲ್ಲಿದ ಕಲೆ ಇರುವುದೂ ಬೇಡ, ಮುದ್ರೆ ಏನೇ ಹೇಳಲಿ.

ಭಾನುವಾರಗಳು ಹೋಗಿದ್ದು ಮೊಳೆಗೆ. ಹಳೇ ಮರದಲ್ಲಿ ಕಾಣುವ ಮೊಳೆ ಶತ್ರುವಲ್ಲ, ಇಕ್ಕಳ ಹಾಕಿ ಎಳೆದರೆ ಬರುತ್ತದೆ. ತಲೆ ಮುರಿದು ಒಳಗೇ ಉಳಿದು, ಮೇಲೆ ಬಣ್ಣ ಬಳಿಸಿಕೊಂಡು ಕೂತಿರುತ್ತಲ್ಲ, ಅದು. ನಾನು ಎಲ್ಲಾ ತೆಗೆದೆ ಅಂದುಕೊಂಡು ಮಿಲ್ಲಿಗೆ ತಗೊಂಡು ಹೋದೆ. ಎರಡನೇ ಕಂಬ ಅರ್ಧ ಕೊಯ್ಯುವಾಗ 'ಕಿರ್' ಅಂತ ಸದ್ದು, ಕಿಡಿ. ಮಿಲ್ಲಿನವನು ಮಷಿನ್ ನಿಲ್ಲಿಸಿ ನನ್ನ ಮುಖ ನೋಡಿದ. ಬೈಯಲಿಲ್ಲ, ಆದರೆ ಬ್ಲೇಡಿಗೆ 400 ರೂಪಾಯಿ ತಗೊಂಡ. ಆ 1,100ರಲ್ಲಿ ಅದೂ ಸೇರಿದೆ. "ಮೊಳೆ ತೆಗೆದ ಮೇಲೆ ಬನ್ನಿ" ಅಂತ ಉಳಿದ ಮರ ವಾಪಸ್ ಕಳಿಸಿದ.

ಮನೆಗೆ ಬಂದು, ಕೆಟ್ಟ ಸ್ಪೀಕರ್ ಒಡೆದು ಅದರ ಅಯಸ್ಕಾಂತ ತೆಗೆದೆ. ದಾರಕ್ಕೆ ಕಟ್ಟಿ, ಮರದ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ನಿಧಾನಕ್ಕೆ ಆಡಿಸಿದೆ. ಮೊಳೆ ಇರುವ ಕಡೆ ಅದು ಓಲಾಡುವುದು ಬಿಟ್ಟು ಟಕ್ ಅಂತ ಅಂಟಿಕೊಳ್ಳುತ್ತದೆ. ಅಲ್ಲೊಂದು ಸೀಮೆಸುಣ್ಣದ ಗುರುತು. ಒಂದೇ ಕಂಬದಲ್ಲಿ ಒಂಬತ್ತು ಗುರುತು ಬಿತ್ತು! ಎಷ್ಟು ಹಬ್ಬಕ್ಕೆ ಮಾವಿನ ತೋರಣ ಕಟ್ಟಿದ್ದರೋ ಆ ಮನೆಯವರು.

ಬಣ್ಣದ ವಿಷಯ ಒಂದಿದೆ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಳೇ ಬಾಗಿಲಿನ ಹಸಿರು, ನೀಲಿ ಎನಾಮಲ್‌ನಲ್ಲಿ ಸೀಸ ಇರಬಹುದು. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ ಹಾಗೇ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ, ಆ ಪುಡಿ ಮನೆಯೆಲ್ಲಾ ಹಾರುತ್ತದೆ. ನಾನು ಅಂಗಳದಲ್ಲಿ, ಮಾಸ್ಕ್ ಹಾಕಿಕೊಂಡು, ನೀರು ಚಿಮುಕಿಸಿ ಕೆರೆದೆ. ಕೆಳಗೆ ಹಾಸಿದ್ದ ಪ್ಲಾಸ್ಟಿಕ್ ಸಮೇತ ಸುತ್ತಿ ಬಿಸಾಕಿದೆ. ಮಕ್ಕಳನ್ನು ಆ ದಿನ ಅಜ್ಜಿ ಮನೆಗೆ ಕಳಿಸಿದ್ದೆ. ಇದು ಮಾಡಲು ಆಗಲ್ಲ ಅನ್ನೋರು ಬಣ್ಣ ಬಳಿಯದ ಮರವನ್ನೇ ಹುಡುಕುವುದು ಒಳ್ಳೇದು.

"ಹುಳ ಬರಲ್ವಾ?" ಇದು ಎರಡನೇ ಪ್ರಶ್ನೆ. ಬರುವ ಹುಳ ಅಷ್ಟು ವರ್ಷದಲ್ಲಿ ಬಂದಿರುತ್ತಿತ್ತು ಅಂತ ಆಚಾರ್ರು ನಗುತ್ತಾರೆ. ನನಗೆ ಅಷ್ಟು ನಂಬಿಕೆ ಇಲ್ಲ. ಸಣ್ಣ ತೂತು ಕಂಡ ಮರದ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಟ್ಟೆ. ಹಿಟ್ಟಿನಂಥ ಪುಡಿ ಉದುರಿದರೆ ಹುಳ ಬದುಕಿದೆ ಅಂತ. ಒಂದು ತುಂಡು ಹಾಗೆ ಸಿಕ್ಕಿಬಿತ್ತು, ಅದು ನೀರೊಲೆಗೆ ಹೋಯಿತು. ಉಳಿದವಕ್ಕೆ ಬಿಳಿಗಾರ ಬಿಸಿನೀರಲ್ಲಿ ಕರಗಿಸಿ ಎರಡು ಸಲ ಬಳಿದು, ಬಿಸಿಲಲ್ಲಿ ಒಣಗಿಸಿದೆ. ಚೇಗಿಗೆ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕೆ, ಹುಳ ಸುಲಭವಾಗಿ ಬೀಳುವುದಿಲ್ಲ. ಅಂಚಿನ ಬಿಳಿ ಮರವನ್ನು ಮಾತ್ರ ಕೆತ್ತಿಸಿಬಿಡಿ.

ಈಗ ಮುದ್ದೆಗೆ ಬರೋಣ. ಈ ಕೆಲಸಕ್ಕೆ ಕೈ ಹಾಕಿದ ನಿಜವಾದ ಕಾರಣ ಅದೇ. ಅಂಗಡಿಯವರು ಕೊಟ್ಟ ಚಿತ್ರದಲ್ಲಿ ಕಟ್ಟೆಯ ಎತ್ತರ 34 ಇಂಚು. ಅದರ ಮೇಲೆ ಒಲೆ ಐದು ಇಂಚು, ಪಾತ್ರೆ ಏಳು ಇಂಚು. ಒಟ್ಟು 46. ನಾನು ಐದಡಿ ಒಂದಿಂಚು, ನನ್ನ ಮೊಣಕೈ ಇರುವುದು 38 ಇಂಚಿನಲ್ಲಿ. ಅಂದರೆ ಪಾತ್ರೆಯ ಬಾಯಿ ನನ್ನ ಮೊಣಕೈಗಿಂತ ಎಂಟು ಇಂಚು ಮೇಲೆ! ಅಲ್ಲಿ ಮುದ್ದೆ ಕೋಲು ಹಿಡಿದು ತಿರುವಿ ನೋಡಿ. ಮೈಭಾರ ಹಾಕಕ್ಕಾಗಲ್ಲ, ಬರೀ ತೋಳಲ್ಲಿ ಗುದ್ದಾಡಬೇಕು. ನಮ್ಮ ಬೀದಿಯಲ್ಲಿ ಹೊಸ ಅಡುಗೆಮನೆ ಮಾಡಿಸಿಕೊಂಡು, ಪಾತ್ರೆ ನೆಲಕ್ಕಿಳಿಸಿ ಮುದ್ದೆ ತಿರುವುವ ಇಬ್ಬರನ್ನು ನಾನೇ ಬಲ್ಲೆ. ಹಾಗಾಗಿ ನಮ್ಮಲ್ಲಿ ಕಟ್ಟೆ ಎರಡು. ತರಕಾರಿ ಹೆಚ್ಚುವುದು 33 ಇಂಚು, ಮೊಣಕೈಗಿಂತ ಐದು ಇಂಚು ಕೆಳಗೆ. ಒಲೆಯದು 28. ಆಗ ಪಾತ್ರೆಯ ಬಾಯಿ 40ಕ್ಕೆ ಬಂತು, ಸಾಕು. "ಅಕ್ಕಾ, ಏನಿದು ಒಂದು ಮೇಲೆ ಒಂದು ಕೆಳಗೆ" ಅಂತ ಆಚಾರ್ರು ಮೂರು ಸಲ ಕೇಳಿದರು. ಮಾಡಿದ ಮೇಲೆ ತಮ್ಮ ಮನೆಯವರನ್ನು ಕರೆದುಕೊಂಡು ಬಂದು ತೋರಿಸಿದರು.

28ರಲ್ಲಿ ಇನ್ನೊಂದು ಲಾಭ ಕಂಡಿತ್ತು. ವಾಸ್ಕಲ್ಲಿನ ಕಂಬ ಏಳು ಅಡಿ, ಅಂದರೆ 84 ಇಂಚು. ಸರಿಯಾಗಿ ಕಟ್ಟೆಯ ಮೂರು ಕಾಲುಗಳು! ಒಂದು ಕೊಯ್ಸಿ, ಉಳಿದದ್ದರಲ್ಲಿ ಮತ್ತೆ 28 ಅಳೆದು, ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೊಯ್ಸಿಬಿಟ್ಟೆ. ಗರಗಸವೂ ಮರ ತಿನ್ನುತ್ತದೆ ಅನ್ನೋದು ತಲೆಗೆ ಬರಲೇ ಇಲ್ಲ. ಒಂದು ಕೊಯ್ತಕ್ಕೆ ಮೂರು ಮಿಲಿಮೀಟರ್, ಎರಡು ಕೊಯ್ತಕ್ಕೆ ಆರು. ಕೊನೆಯ ಕಾಲು ಆರು ಮಿಲಿಮೀಟರ್ ಗಿಡ್ಡ, ಕಟ್ಟೆ ಕುಂಟುತ್ತಿತ್ತು. ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಅಡಿಗೆ ಇಟ್ಟೆವು. ಆಮೇಲೆ ಎಲ್ಲಾ ಕಾಲಿಗೂ ತೆಳ್ಳಗೆ ಅದನ್ನೇ ಅಂಟಿಸಿದೆವು, ನೆಲ ತೊಳೆದ ನೀರನ್ನು ಮರದ ಬುಡ ಹೀರದ ಹಾಗೆ. ತಪ್ಪು ಮಾಡಿದ್ದರಿಂದ ಹೊಳೆದ ಉಪಾಯ ಅದು.

ಮೇಲಿನ ಕಲ್ಲು ಗ್ರಾನೈಟ್ ಅಂಗಡಿಯಲ್ಲಿ ಕೊಯ್ದು ಉಳಿದ ತುಂಡು. 20 ಮಿಲಿಮೀಟರ್ ದಪ್ಪದ್ದು ಚದರ ಅಡಿಗೆ ಐದು ಕೆಜಿ ತೂಗುತ್ತದೆ. ನಾಲ್ಕಡಿಗೆ ಎರಡಡಿ ಅಂದರೆ 40 ಕೆಜಿ, ಪ್ಯಾಲೆಟ್‌ನ ತೆಳು ಹಲಗೆಯ ಕಾಲನ್ನು ನಂಬಬೇಡಿ. ಕಡಪ ಕಲ್ಲು ಇನ್ನೂ ಅಗ್ಗ, ಅರೆಗೆ ಚೆನ್ನ. ಆದರೆ ಅದು ಸುಣ್ಣದ ಕಲ್ಲು, ನಿಂಬೆಹಣ್ಣು, ಹುಣಸೆಹುಳಿ ಬಿದ್ದ ಕಡೆ ಬೆಳ್ಳಗೆ ಕಚ್ಚುತ್ತದೆ.

ಸಿಂಕಿನ ಕೆಳಗೆ ಮಾತ್ರ ಮರವೇ ಬೇಡ ಅಂದುಕೊಂಡೆ. ನಮ್ಮ ಬೋರ್‌ವೆಲ್ ನೀರು ನಲ್ಲಿಗೇ ಬಿಳಿ ಗಡ್ಡ ಬೆಳೆಸುತ್ತದೆ, ಮರವನ್ನು ಬಿಡುತ್ತಾ? ಅಲ್ಲಿ ಕಡಪದ ಎರಡು ಅರೆ, ಮನೆಯಲ್ಲೇ ಬಿದ್ದಿದ್ದವು. ಪಕ್ಕದಲ್ಲಿ ಈರುಳ್ಳಿ, ಆಲೂಗಡ್ಡೆಗೆ ಟೊಮೆಟೊ ಕ್ರೇಟ್ ಎರಡು. ಗಾಳಿಯಾಡುತ್ತೆ, ತೊಳೆಯಬಹುದು, ಎಳೆದರೆ ಡ್ರಾಯರ್. ಮಾರ್ಕೆಟ್ಟಿನ ಕ್ರೇಟಿನ ಮೇಲೆ ಮಂಡಿಯವರ ಹೆಸರಿರುತ್ತದೆ, ಸುಮ್ನೆ ಎತ್ತಿಕೊಂಡು ಬರಬೇಡಿ. ಅಂಚು ಸೀಳಿದ್ದನ್ನು ಕೇಳಿದರೆ ಅವರೇ ಕೊಡುತ್ತಾರೆ.

ಕೀಲಿಗೆ, ಚಾನಲ್‌ಗೆ ಮಾತ್ರ ಕಂಜೂಸಿ ಮಾಡಬೇಡಿ. ಗುಜರಿಯ ಕೀಲು ಹಾಕಿ ಒಂದು ಬಾಗಿಲು ಎರಡೇ ತಿಂಗಳಿಗೆ ಜೋತುಬಿತ್ತು. ಬಾಡಿಗೆ ಮನೆಯವರು ಕೇಳುತ್ತಾರೆ, ನಾವೂ ಮಾಡಬಹುದಾ ಅಂತ. ಖಂಡಿತ. ಗೋಡೆಗೆ ಹೊಡೆಯದೆ, ಮೊಳೆ ಬದಲು ಬೋಲ್ಟ್ ಹಾಕಿಸಿ, ಬಿಚ್ಚಿಕೊಂಡು ಹೋಗಬಹುದು.

ಕೊರತೆ ಇಲ್ಲ ಅಂತಲ್ಲ. ಎರಡನೇ ಡ್ರಾಯರ್ ಪೈನ್ ಮರದ್ದು, ಚಾನಲ್ ಇಲ್ಲದೆ ಮರದ ಮೇಲೆ ಮರ ಜಾರುವ ಹಾಗೆ ಮಾಡಿದ್ದು. ಮಳೆ ಹಿಡಿದರೆ ಉಬ್ಬಿ ಬಿಗಿಯುತ್ತದೆ. ಚಮಚ, ಸೌಟು ಎಲ್ಲಾ ಇರುವುದು ಅದರಲ್ಲೇ. ಕರೆಂಟ್ ಹೋದಾಗ ಹಚ್ಚಿ ಉಳಿದ ಮೇಣದಬತ್ತಿ ತುಂಡನ್ನು ಅಲ್ಲೇ ಮೇಲೆ ಇಟ್ಟಿದ್ದೇನೆ. ಡ್ರಾಯರ್ ಎಳೆದು ತೆಗೆದು, ಎರಡೂ ಅಂಚಿಗೆ ನಾಲ್ಕು ಸಲ ಉಜ್ಜಿದರೆ ಮತ್ತೆ ಒಂದು ವಾರ ಓಡುತ್ತದೆ.